ತೊಳೆದ ಲೋಟವನ್ನೇ ತೊಳೆಯುವವರು

ಜನವರಿ 12

ಪ್ರೀತಿಯ ಅಪ್ಪ,

ಬಂದು ತಲುಪಿದೆ. ಕೋಣೆ ಚಿಕ್ಕದಾದರೂ ಚೊಕ್ಕವಾಗಿದೆ. ಒಂದು ಮಂಚ, ಒಂದು ಮೇಜು, ಎದುರುಮನೆಯ ಬಾಲ್ಕನಿಗೆ ತೆರೆದುಕೊಳ್ಳುವ ಒಂದು ಕಿಟಕಿ. ಆ ಬಾಲ್ಕನಿಯಲ್ಲಿ ಒಬ್ಬ ಅಜ್ಜ ದಿನಾ ಬೆಳಿಗ್ಗೆ ಗಿಡಗಳಿಗೆ ನೀರು ಹಾಕುತ್ತಾ ಅವನ್ನು ಬೈಯುತ್ತಿರುತ್ತಾರೆ. ಗಿಡಗಳು ಮಾತ್ರ ಸೊಂಪಾಗಿ ಬೆಳೆದಿವೆ. ನೀನೂ ನನ್ನನ್ನು ಹಾಗೇ ಬೆಳೆಸಿದ್ದಲ್ಲವೇ, ನೆನಪಾಯಿತು. ಕುರ್ಚಿ ಪ್ಲಾಸ್ಟಿಕ್ಕಿನದು. ನೀನು ಕೇಳುವ ಮೊದಲೇ ಹೇಳಿದ್ದೇನೆ, ಇನ್ನು ಉಗಿಯಬಹುದು.

ಈ ಸಲದ ಕೆಲಸದ ಬಗ್ಗೆ ಹೊರಡುವ ಮೊದಲೇ ನಿನಗೆ ಹೇಳಬೇಕೆಂದಿದ್ದೆ. ಫೋನ್ ಮಾಡಿದೆ, ಎಂದಿನಂತೆ ಸ್ವಿಚ್ ಆಫ್. ಅಮ್ಮ ಹೋದ ಮೇಲೆ ನೀನು ಅದನ್ನು ನೂಲಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಹಾಕಿದವನು ಇನ್ನೂ ತೆಗೆದಿಲ್ಲ ಅಂತಾಯಿತು. ಅದಕ್ಕೇ ಈ ಕಾಗದ.

ಇದು ಆಂಬುಲೆನ್ಸ್ ಕೇಂದ್ರ, ಅಪ್ಪ. ಆಸ್ಪತ್ರೆಯಲ್ಲ. ಯಾರಿಗಾದರೂ ಏನಾದರೂ ಆದರೆ ಜನ ಫೋನ್ ಮಾಡುತ್ತಾರಲ್ಲ, ಆ ಫೋನ್ ಎತ್ತುವ ಜಾಗ. ಅಲ್ಲಿ ಕೆಲಸಕ್ಕೆ ಸೇರಿದವರು ವರ್ಷ ತುಂಬುವ ಮೊದಲೇ ಬಿಟ್ಟು ಹೋಗುತ್ತಿದ್ದಾರೆ. ಯಾಕೆಂದು ನೋಡಿ, ಏನು ಬದಲಾಯಿಸಿದರೆ ಜನ ನಿಲ್ಲುತ್ತಾರೆಂದು ಹೇಳಲು ನನ್ನನ್ನು ಕರೆಸಿದ್ದಾರೆ. ಒಪ್ಪಿಕೊಳ್ಳಲು ಸ್ವಲ್ಪ ಹಿಂದೆಮುಂದೆ ನೋಡಿದೆ. ಯಾಕೆಂದು ನಿನಗೆ ಗೊತ್ತು. ಆಮೇಲೆ ಒಪ್ಪಿಕೊಂಡೆ. ಅದು ಯಾಕೆಂದು ನನಗೇ ಸರಿಯಾಗಿ ಗೊತ್ತಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು. ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡು ಮಾತಾಡಬೇಡ.

ನಿನ್ನ
ಪುಟ್ಟಿ


ಜನವರಿ 21

ಪುಟ್ಟಿ,

ನಾನು ಕ್ಷೇಮ. ಸೊಂಟದ್ದು ಮಾತ್ರ ಬೇರೆ ಸಂಸಾರ, ಅದರ ಕ್ಷೇಮ ಅದನ್ನೇ ಕೇಳಬೇಕು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೇರೆಯವರ ಕೆಲಸದ ಜಾಗ ಸರಿಮಾಡಲು ಹೊರಟ ನಿನಗೆ ಏನು ಹೇಳಲಿ. ಒಂದು ದಿಂಬನ್ನಾದರೂ ಹಾಕಿಕೋ. ಆ ಕೇಂದ್ರದವರು ಕೂರುವ ಕುರ್ಚಿ ಹೇಗಿದೆ? ಮೊದಲು ಅದನ್ನು ನೋಡು. ಇಡೀ ದಿನ ಕೂತು ಮಾಡುವ ಕೆಲಸವನ್ನು ಜನ ಬಿಡುತ್ತಾರೆಂದರೆ ತಪ್ಪು ಕೆಲಸದ್ದಲ್ಲ, ಕುರ್ಚಿಯದ್ದು. ಇದಕ್ಕೆ ಅಷ್ಟೆಲ್ಲ ಓದಬೇಕಿರಲಿಲ್ಲ, ನನ್ನನ್ನು ಕೇಳಿದ್ದರೆ ಸಾಕಿತ್ತು.

ಪಕ್ಕದ ಕಟಿಂಗ್ ಶಾಪಿನವನು ನೀನು ಏನು ಕೆಲಸ ಮಾಡುತ್ತೀಯೆಂದು ಮತ್ತೆ ಕೇಳಿದ. ಮನಶ್ಶಾಸ್ತ್ರಜ್ಞೆ ಅಂದರೆ ಅವನು ತಲೆ ಕೆಟ್ಟವರ ಡಾಕ್ಟರು ಅಂದುಕೊಳ್ಳುತ್ತಾನೆ. ಅದಕ್ಕೆ, "ಆಫೀಸುಗಳಿಗೆ ಡಾಕ್ಟರು ಕಣಯ್ಯ" ಅಂದೆ. "ಆಫೀಸಿಗೆ ಎಂಥ ಕಾಯಿಲೆ ಬರುತ್ತೆ?" ಅಂದ. "ಹೊಟ್ಟೆಕಿಚ್ಚು" ಅಂದೆ. ಅವನಿಗೆ ಪೂರ್ತಿ ಸಮಾಧಾನವಾಯಿತು.

ಅಂಗಡಿಯಲ್ಲಿ ಕುಶನ್ ಕೆಲಸ ತಕ್ಕಮಟ್ಟಿಗಿದೆ. ಒಂದು ಶಾಲಾ ಬಸ್ಸಿನ ಸೀಟುಗಳು ಬಂದಿವೆ, ಮಕ್ಕಳು ಕೆರೆದು ಕೆರೆದು ಸ್ಪಂಜನ್ನೆಲ್ಲ ತಿಂದುಹಾಕಿದಂತೆ ಮಾಡಿದ್ದಾರೆ. ಬಿಡುವಿದ್ದಾಗ ಹೊಲಿಗೆ ಮೆಷಿನ್ನಿನ ಮುಂದಿರುವ ನಿನ್ನ ಅಮ್ಮನ ಕುರ್ಚಿಯ ಸೀಟು ಬಿಚ್ಚಿ ಹೊಸ ಸ್ಪಂಜು ಹಾಕಿ ಹೊಲಿದೆ. ಚೆನ್ನಾಗಿ ಬಂದಿದೆ.

ಫೋನಿನ ವಿಷಯ ಬಿಡು. ನನಗೆ ಅದರಲ್ಲಿ ಮಾತು ಬರುವುದಿಲ್ಲ. ಕಾಗದದಲ್ಲಿ ಬರುತ್ತದೆ, ನೋಡು ಎಷ್ಟು ಬರುತ್ತಿದೆ.

ನಿನ್ನ ಕೆಲಸದ ಬಗ್ಗೆ ಬರೆಯುತ್ತಿರು. ನನಗೇನೂ ಆಗುವುದಿಲ್ಲ.

ಇತಿ,
ಬೈದು ಬೆಳೆಸಿದ ಅಪ್ಪ


ಫೆಬ್ರವರಿ 9

ಪ್ರೀತಿಯ ಅಪ್ಪ,

ನೀನು ಹೇಳಿದಂತೆ ಮೊದಲು ಕುರ್ಚಿ ನೋಡಿದೆ. ಸುಮಾರಾಗಿವೆ. ಆದರೆ ಜನ ಬಿಡುತ್ತಿರುವುದು ಕುರ್ಚಿಗಾಗಿ ಅಲ್ಲ, ಸೋಲು ಒಪ್ಪಿಕೋ.

ಎರಡನೇ ಮಹಡಿಯಲ್ಲಿ ಉದ್ದನೆಯ ಹಾಲ್. ಸ್ಕ್ರೀನುಗಳು ಚೆನ್ನಾಗಿ ಕಾಣಲೆಂದು ಕಿಟಕಿಗಳಿಗೆ ದಪ್ಪ ಪರದೆ. ಎರಡು ಸಾಲಿನಲ್ಲಿ ಎದುರುಬದುರು ಮೇಜುಗಳು. ಕೂತವರಲ್ಲಿ ಹೆಚ್ಚಿನವರು ಹೆಂಗಸರು. ಕೂಗಾಟ, ಓಡಾಟ ಇರುತ್ತದೆ ಅಂದುಕೊಂಡಿದ್ದೆ. ಏನೂ ಇಲ್ಲ. "ಹೇಳಿ, ಎಲ್ಲಿಂದ ಮಾತಾಡ್ತಿದ್ದೀರಿ? ಉಸಿರಾಡ್ತಿದ್ದಾರಾ?" ಎಂದು ತರಕಾರಿಯ ಬೆಲೆ ವಿಚಾರಿಸುವಷ್ಟು ತಣ್ಣಗಿನ ದನಿಯಲ್ಲಿ ಕೇಳುತ್ತಾರೆ. ಆ ಕಡೆಯವರು ಎಷ್ಟೇ ಕಿರುಚಿದರೂ ಈ ಕಡೆಯ ದನಿ ಏರುವುದಿಲ್ಲ.

ಎಲ್ಲರಿಗಿಂತ ಹಳಬರು ಒಬ್ಬರಿದ್ದಾರೆ. ಎಲ್ಲರೂ ಅವರನ್ನು ದೊಡ್ಡಕ್ಕ ಅನ್ನುತ್ತಾರೆ, ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಮ್ಯಾನೇಜರ್ ಕೂಡ. ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂರುತ್ತಾರೆ. ಅವರ ಪಕ್ಕದಲ್ಲಿ ಕೂತು ಎಷ್ಟೋ ಪ್ರಶ್ನೆ ಕೇಳಿದೆ. "ಬರ್ಕೊಳ್ಳಿ, ಬರ್ಕೊಳ್ಳಿ. ಚೆನ್ನಾಗಿ ಬರ್ಕೊಳ್ಳಿ. ಏನೂ ತೊಂದ್ರೆ ಇಲ್ಲ," ಅಂದರು. ಅಷ್ಟೇ.

ಒಂದು ವಿಚಿತ್ರ ನೋಡಿದೆ. ಹಾಲಿನ ಮೂಲೆಯಲ್ಲಿ ಒಂದು ಸಿಂಕ್ ಇದೆ. ಅದರ ಮೇಲಿನ ಹಲಗೆಯಲ್ಲಿ ಎಲ್ಲರೂ ಟೀ ಕುಡಿಯುವ ದಪ್ಪ ಗಾಜಿನ ಲೋಟಗಳು. ಕರೆ ಮುಗಿಸಿದ ಯಾರಾದರೊಬ್ಬರು ಆಗಾಗ ಎದ್ದು ಹೋಗಿ ಆ ಲೋಟಗಳನ್ನೆಲ್ಲ ತೊಳೆಯುತ್ತಾರೆ. ಇನ್ನೊಬ್ಬರು ಹೋಗಿ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತು ಒರೆಸುತ್ತಾರೆ. ಮಾತಿಲ್ಲ, ಕಥೆಯಿಲ್ಲ. ಒಮ್ಮೊಮ್ಮೆ ಆಗತಾನೇ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಾರೆ! ಇದು ಯಾರ ಪಾಳಿ ಎಂದು ಕೇಳಿದರೆ "ಪಾಳಿ ಏನಿಲ್ಲ, ಅದು ಹಾಗೇ" ಅನ್ನುತ್ತಾರೆ.

ನನಗೆ ಸಿಟ್ಟೇ ಬಂತು. ಒಬ್ಬ ಅಟೆಂಡರನ್ನು ಇಟ್ಟುಕೊಳ್ಳದೆ, ಜೀವ ಉಳಿಸುವ ಕೆಲಸ ಮಾಡುವ ಹೆಂಗಸರ ಕೈಯಲ್ಲಿ ಊರವರ ಎಂಜಲು ಲೋಟ ತೊಳೆಸುತ್ತಿದ್ದಾರೆ. ಇದನ್ನು ಮೊದಲು ನಿಲ್ಲಿಸಬೇಕು. ಕಾಗದದ ಲೋಟ ಕೊಡುವ ಟೀ ಮೆಷಿನ್ ಒಂದು, ಕಷ್ಟದ ಕರೆ ಬಂದ ಮೇಲೆ ಹೋಗಿ ಕೂರಲು ಶಾಂತವಾದ ಕೋಣೆ ಒಂದು. ಮ್ಯಾನೇಜರಿಗೆ ಹೇಳಿದೆ. ಅವರು ಕುಣಿಯುವುದೊಂದು ಬಾಕಿ.

ನಿನ್ನ
ಪುಟ್ಟಿ


ಫೆಬ್ರವರಿ 18

ಪುಟ್ಟಿ,

ಸೋಲು ಒಪ್ಪಿಕೊಳ್ಳುವುದಿಲ್ಲ. ಸುಮಾರಾಗಿವೆ ಎಂದು ನೀನೇ ಬರೆದಿದ್ದೀಯ. ಸುಮಾರಾದ ಕುರ್ಚಿಯೆಂದರೆ ಕೆಟ್ಟ ಕುರ್ಚಿ.

ಲೋಟದ ವಿಷಯದಲ್ಲಿ ಮಾತ್ರ ನೀನು ಹೇಳಿದ್ದು ಸರಿ. ಆದರೆ ನಿನಗೆ ಅದರ ಒಳಗುಟ್ಟು ಗೊತ್ತಾಗಿಲ್ಲ. ತೊಳೆದದ್ದನ್ನೇ ತೊಳೆಯುವುದು ಮೈಗಳ್ಳತನದ ಹಳೇ ಉಪಾಯ. ನಮ್ಮಲ್ಲಿ ಹಿಂದೆ ಇದ್ದನಲ್ಲ ಆ ಬಡಗಿ, ಮೊಳೆಗಳನ್ನು ಸಣ್ಣದು ದೊಡ್ಡದು ಅಂತ ಬೇರೆ ಮಾಡುವುದರಲ್ಲೇ ಹೊತ್ತು ಕಳೆಯುತ್ತಿದ್ದ. ಸಂಜೆ ಎಲ್ಲವನ್ನೂ ಕಲಸಿ ಹೋಗುತ್ತಿದ್ದ, ನಾಳೆಗೂ ಕೆಲಸ ಇರಲಿ ಅಂತ. ಮೆಷಿನ್ ತರಿಸು. ಒಳ್ಳೆಯದಾಗುತ್ತದೆ.

ಕೋಣೆಗೆ ಸೋಫಾ ಹಾಕುವುದಾದರೆ ಸ್ಪಂಜು ಗಟ್ಟಿಯಾಗಿರಲಿ. ಮೆತ್ತಗಿನದರಲ್ಲಿ ಕೂತರೆ ಏಳಲು ಇನ್ನೊಬ್ಬರ ಕೈ ಹಿಡಿಯಬೇಕಾಗುತ್ತದೆ.

ಈ ವಾರ ಹೇಳುವಂಥದ್ದೇನೂ ಇಲ್ಲ. ಅಮ್ಮನ ಕುರ್ಚಿಯ ಸೀಟು ಮತ್ತೆ ಬಿಚ್ಚಿದೆ. ಏನೂ ಆಗಿರಲಿಲ್ಲ. ಅಂಚಿನ ಹೊಲಿಗೆ ಒಂದು ಕಡೆ ಸೊಟ್ಟ ಅನ್ನಿಸಿತು.

ಇತಿ,
ಅಪ್ಪ


ಮಾರ್ಚ್ 15

ಅಪ್ಪ,

ಮೆಷಿನ್ ಬಂತು! ಗುಂಡಿ ಒತ್ತಿದರೆ ಟೀ, ಕಾಫಿ, ಬಿಸಿನೀರು. ಗಾಜಿನ ಲೋಟಗಳನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸ್ಟೋರ್ ರೂಮಿಗೆ ಕಳಿಸಿದೆವು. ಹಾಲಿನ ಪಕ್ಕದ ಕೋಣೆಗೆ ತಿಳಿನೀಲಿ ಬಣ್ಣ ಹೊಡೆಸಿ, ಒಂದು ಸೋಫಾ, ಒಂದು ದೀಪ, ಎರಡು ಕುಂಡ ಇಟ್ಟಿದ್ದೇವೆ. ಬಾಗಿಲ ಮೇಲೆ 'ವಿಶ್ರಾಂತಿ' ಅಂತ ಬರೆಸಿದ್ದು ಮ್ಯಾನೇಜರ್. ಉದ್ಘಾಟನೆಗೆ ರಿಬ್ಬನ್ ಕೂಡ ತಂದಿದ್ದರು, ನಾನೇ ಬೇಡವೆಂದೆ.

ನಾನು ಖುಷಿಯಾಗಿದ್ದೇನೆ. ಬರೆದ ವರದಿಗಳೆಲ್ಲ ಕಪಾಟು ಸೇರುವ ಕಸುಬು ನನ್ನದು. ಹೇಳಿದ್ದು ಕಣ್ಣೆದುರೇ ಆದಾಗ ಸಣ್ಣ ಹುಡುಗಿಯ ಹಾಗೆ ಕುಣಿಯುವಂತಾಗುತ್ತದೆ. ಅಮ್ಮನಿಗೆ ಹೇಳಬೇಕು ಅನ್ನಿಸಿ ಫೋನ್ ಕೈಗೆ ತೆಗೆದುಕೊಂಡುಬಿಟ್ಟಿದ್ದೆ. ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ನಿನ್ನ
ಪುಟ್ಟಿ


ಮಾರ್ಚ್ 24

ಪುಟ್ಟಿ,

ನಿನ್ನ ಅಮ್ಮನಿಗೆ ಓದಿ ಹೇಳಿದೆ. ಕುರ್ಚಿಯ ಕಡೆ ತಿರುಗಿ ಗಟ್ಟಿಯಾಗಿಯೇ ಓದಿದೆ. ಕಟಿಂಗ್ ಶಾಪಿನವನು ಇಣುಕಿ ನೋಡಿ ಹೋದ. ಇವತ್ತಿನಿಂದ ಅವನ ದೃಷ್ಟಿಯಲ್ಲಿ ನಿನಗೆ ಮೊದಲನೇ ರೋಗಿ ನಾನೇ.

ಅವಳಿದ್ದಿದ್ದರೆ ಏನನ್ನುತ್ತಿದ್ದಳು ಗೊತ್ತಾ? "ಎಲ್ಲಾ ಸರಿ, ಆ ಸೋಫಾದಲ್ಲಿ ಯಾರಾದ್ರೂ ಕೂತ್ರಾ?" ಅನ್ನುತ್ತಿದ್ದಳು.

ಇತಿ,
ಅಪ್ಪ


ಏಪ್ರಿಲ್ 20

ಅಪ್ಪ,

ಯಾರೂ ಕೂರಲಿಲ್ಲ.

ನೀಲಿ ಕೋಣೆಯ ದೀಪ ದಿನವಿಡೀ ಉರಿಯುತ್ತದೆ, ಸೋಫಾದ ಮೇಲಿನ ಪ್ಲಾಸ್ಟಿಕ್ಕನ್ನೂ ಯಾರೂ ಬಿಚ್ಚಿಲ್ಲ. ಸಿಂಕಿನ ಮೂಲೆ ಖಾಲಿ. ಇಬ್ಬರು ಹುಡುಗಿಯರು ರಜೆ ಹಾಕಿ ಹೋದವರು ತಿರುಗಿ ಬರಲಿಲ್ಲ. ಕಳೆದ ವಾರ ದೊಡ್ಡಕ್ಕ ರಾಜೀನಾಮೆ ಕೊಟ್ಟರು. ಜೂನ್ ಕೊನೆಗೆ ಹೋಗುತ್ತಾರೆ. ಎಲ್ಲರೂ ಹೋದರೂ ಇರುವವರು ಅವರೊಬ್ಬರು ಎಂದು ಮ್ಯಾನೇಜರ್ ನನಗೆ ಮೊದಲ ದಿನವೇ ಹೇಳಿದ್ದರು. ಜನರನ್ನು ನಿಲ್ಲಿಸಲು ಬಂದವಳು ನಾನು. ನಿಂತಿದ್ದವರನ್ನೂ ಎಬ್ಬಿಸಿಬಿಟ್ಟೆ.

ತಪ್ಪು ಎಲ್ಲಾಗಿದೆ ಎಂದು ತಿಳಿಯಲೇಬೇಕಿತ್ತು. ಅನುಮತಿ ತೆಗೆದುಕೊಂಡು, ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಒಂದು ಇಡೀ ಪಾಳಿ ದೊಡ್ಡಕ್ಕನ ಪಕ್ಕ ಕೂತೆ. ಇಷ್ಟು ದಿನ ಅವರ ಮಾತನ್ನಷ್ಟೇ ಕೇಳುತ್ತಿದ್ದೆ. ಆ ಕಡೆಯ ದನಿ ಕೇಳಿದ್ದು ಅವತ್ತೇ ಮೊದಲು.

ಮುಂದಿನದನ್ನು ಓದುವುದು ಬೇಡ ಅನ್ನಿಸಿದರೆ ಇಲ್ಲಿಗೇ ಮಡಚಿಡು. ನನಗೆ ಬೇಜಾರಿಲ್ಲ.

ಮಧ್ಯಾಹ್ನ ಒಬ್ಬರು ಫೋನ್ ಮಾಡಿದರು. ವಯಸ್ಸಾದವರು. ಹೆಂಡತಿ ಅಡುಗೆಮನೆಯಲ್ಲಿ ಬಿದ್ದಿದ್ದಾರೆ, ಉಸಿರಿಲ್ಲ. ದೊಡ್ಡಕ್ಕ ವಿಳಾಸ ಕೇಳಿ ಗಾಡಿ ಕಳಿಸಿದರು. ಆಮೇಲೆ, "ಅಣ್ಣಾ, ಈಗ ಎರಡೂ ಕೈ ಎದೆಯ ನಡುವೆ ಇಡಿ. ಜೋರಾಗಿ ಒತ್ತಿ. ನನ್ನ ಜೊತೆ ಎಣಿಸಿ," ಅಂದರು.

"ಅವಳಿಗೆ ನೋವಾಗುತ್ತಮ್ಮಾ," ಅಂದರು ಅವರು.

"ಆಗ್ಲಿ ಅಣ್ಣಾ, ಒತ್ತಿ. ನಾನಿದ್ದೀನಿ. ಒಂದು, ಎರಡು, ಮೂರು..."

ಅದೇ ತಣ್ಣಗಿನ ದನಿ. ಎಷ್ಟು ಹೊತ್ತು ಎಣಿಸಿದರೋ. ಬಾಗಿಲು ಬಡಿದ ಸದ್ದು, ಬೂಟುಗಳ ಸದ್ದು, ಯಾರೋ "ಪಕ್ಕಕ್ಕೆ ಸರೀರಿ, ಸರೀರಿ" ಅಂದದ್ದು. ಆಮೇಲೆ ಟಕ್ ಅಂತ ಫೋನ್ ಕಟ್ ಆಯಿತು. ದೊಡ್ಡಕ್ಕ ಒಂದು ಗುಟುಕು ನೀರು ಕುಡಿದರು, ಅಷ್ಟರಲ್ಲೇ ಮುಂದಿನ ಕರೆ ಬಂತು. "ಹೇಳಿ, ಎಲ್ಲಿಂದ ಮಾತಾಡ್ತಿದ್ದೀರಿ?"

ನಾನು ಎದ್ದೆ. ಎಲ್ಲಿಗೆ ಹೋಗುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ನೋಡಿದರೆ ಸಿಂಕಿನ ಮುಂದಿದ್ದೆ. ಕೈ ಹಲಗೆಯ ಮೇಲೆ ತಡಕಾಡಿತು, ಅಲ್ಲಿ ಏನೂ ಇಲ್ಲ. ಯಾರೋ ಬಿಟ್ಟುಹೋದ ಒಂದು ಕಾಗದದ ಲೋಟವಿತ್ತು. ನಲ್ಲಿ ತಿರುಗಿಸಿ ಅದನ್ನೇ ತೊಳೆಯತೊಡಗಿದೆ. ಒಳಗೆ, ಹೊರಗೆ, ಮತ್ತೆ ಒಳಗೆ. ಅದು ಮೆತ್ತಗಾಗಿ, ಅಂಚು ಬಿಚ್ಚಿಕೊಂಡು, ಕೈಯಲ್ಲೇ ಮುದ್ದೆಯಾಯಿತು. ಆದರೂ ಬಿಡಲಿಲ್ಲ, ತೊಳೆಯುತ್ತಲೇ ಇದ್ದೆ.

ಪಕ್ಕದಲ್ಲಿ ಯಾರೋ ಬಂದು ನಿಂತರು. ದೊಡ್ಡಕ್ಕ. ಕೈಯಲ್ಲಿ ಒರೆಸುವ ಬಟ್ಟೆ.

"ಇದನ್ನ ಹೇಗೆ ಒರೆಸ್ಲಿ, ನೀವೇ ಹೇಳಿ?" ಅಂದರು.

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವರು ಬಟ್ಟೆಯನ್ನು ನನಗೇ ಕೊಟ್ಟರು, ಮುಖ ಒರೆಸಿಕೊಳ್ಳಲು.

"ಆ ನೀಲಿ ರೂಮಿಗೆ ಹೋದ್ರೆ, 'ನಂಗೆ ತಡ್ಕೊಳ್ಳೋಕಾಗ್ಲಿಲ್ಲ' ಅಂತ ಎಲ್ಲರಿಗೂ ಡಂಗುರ ಹೊಡೆದ ಹಾಗೆ," ಅಂದರು. "ಲೋಟ ತೊಳೆಯೋಕೆ ಹೋದ್ರೆ ಲೋಟ ತೊಳೆಯೋಕೆ ಹೋದ ಹಾಗೆ, ಅಷ್ಟೇ. ನೋಡಿದವರು ಎದ್ದು ಬಂದು ಪಕ್ಕದಲ್ಲಿ ನಿಂತ್ಕೋತಾರೆ. ಏನಾಯ್ತು ಅಂತ ಕೇಳಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ ದೊಡ್ಡಕ್ಕ?"

"ನಂಗೂ ಗೊತ್ತಿರ್ಲಿಲ್ಲ ಕಣಮ್ಮಾ. ಲೋಟ ಹೋದ್ಮೇಲೆ ಗೊತ್ತಾಯ್ತು."

ನಾಳೆಯೇ ಲೋಟಗಳನ್ನು ತರಿಸುತ್ತೇನೆ, ರಾಜೀನಾಮೆ ವಾಪಸ್ ತಗೊಳ್ಳಿ ಅಂದೆ. ಅವರು ಬೇಡವೆಂದು ತಲೆಯಾಡಿಸಿದರು. "ಲೋಟಕ್ಕೋಸ್ಕರ ಯಾರಾದ್ರೂ ಕೆಲಸ ಬಿಡ್ತಾರಾ? ಇಷ್ಟು ವರ್ಷದಿಂದ ಇಲ್ಲಿ ಕೂತು ಎಲ್ಲಾ ಶುರುವಾಗೋದನ್ನ ಕೇಳ್ತೀನಿ. ಮುಗಿಯೋದನ್ನ ಒಂದೂ ಕೇಳಿಲ್ಲ. ಈಗ ಆ ಅಣ್ಣ ಇದ್ರಲ್ಲ, ಅವರ ಹೆಂಡ್ತಿ ಉಳಿದ್ರಾ, ಹೋದ್ರಾ? ಯಾರೂ ಹೇಳಲ್ಲ. ಹೇಳ್ಬೇಕು ಅಂತ ಅವರಿಗೆ ಹೊಳೆಯೋದೂ ಇಲ್ಲ ಪಾಪ, ಅವರ ಕಷ್ಟ ಅವರಿಗೆ. ಲೋಟ ತೊಳೆದು ತೊಳೆದು ಇಷ್ಟು ದಿನ ತಳ್ಳಿದೆ. ಇನ್ನು ನನ್ನ ಕೈಲಾಗಲ್ಲ."

ಅಪ್ಪ, ಫೋನ್ ಮಾಡಿದ್ದ ಆ ಹಿರಿಯರ ದನಿ ನಿನ್ನ ದನಿಯ ಹಾಗಿರಲಿಲ್ಲ. ಆದರೂ ಹೆಡ್‌ಫೋನಿನಲ್ಲಿ ನಾನು ಕೇಳಿದ್ದು ನಿನ್ನನ್ನೇ. ಅಮ್ಮ ಬಿದ್ದ ಸಂಜೆ ನೀನೂ ಹೀಗೇ ಯಾರಿಗೋ ಫೋನ್ ಮಾಡಿರಬೇಕು. ನಾನು ಊರಲ್ಲಿರಲಿಲ್ಲ. ಆಮೇಲೆ ನಾನು ಕೇಳಲಿಲ್ಲ, ನೀನು ಹೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ನಿನಗೆ ಆದರೆ, ಆದಾಗ, ಏನಾಯಿತೆಂದು ಬರೆ. ನನಗೆ ಬರೆಯಲಾಗದಿದ್ದರೆ ದೊಡ್ಡಕ್ಕನಿಗೆ ಬರೆ. ಒಂದು ಕರೆಯ ಕೊನೆಯಾದರೂ ಕೇಳಿ ಅವರು ಹೋಗಲಿ. ನಿನ್ನನ್ನು ಇದನ್ನೆಲ್ಲ ಕೇಳುವುದು ಸರಿಯೋ ತಪ್ಪೋ ಗೊತ್ತಿಲ್ಲ. ಕಾಗದ ಅಂಚೆ ಡಬ್ಬಿಗೆ ಹಾಕುವವರೆಗೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಅಮ್ಮನ ಕುರ್ಚಿಯ ಸೀಟನ್ನು ಎಷ್ಟು ಸಲ ಬೇಕಾದರೂ ಬಿಚ್ಚು. ಎಷ್ಟು ಸಲ ಬೇಕಾದರೂ ಹೊಲಿ.

ನಿನ್ನ
ಪುಟ್ಟಿ


ಮೇ 12

ಅಪ್ಪ,

ಕಾಗದ ತಲುಪಿತೋ ಇಲ್ಲವೋ ಎಂದು ಕೇಳುವುದಿಲ್ಲ. ತಲುಪಿದೆಯೆಂದು ಗೊತ್ತು.

ಲೋಟಗಳು ಹಲಗೆಗೆ ವಾಪಸ್ ಬಂದಿವೆ. ಒಂದು ಮಾತ್ರ ಒಡೆದಿತ್ತು. ನೀಲಿ ಕೋಣೆಯಲ್ಲಿ ಈಗ ಮ್ಯಾನೇಜರ್ ಊಟವಾದ ಮೇಲೆ ಒರಗುತ್ತಾರೆ, ಅವರಿಗೆ ಬಹಳ ಉಪಕಾರವಾಗಿದೆ.

ನೀನು ಆ ವಿಷಯ ಬರೆಯದಿದ್ದರೂ ಪರವಾಗಿಲ್ಲ. ಬರೀ ಕುರ್ಚಿಯನ್ನು ಬೈದು ಒಂದು ಕಾಗದ ಹಾಕು. ದಿನಾ ಬಾಗಿಲ ಕೆಳಗೆ ಬಗ್ಗಿ ನೋಡುತ್ತಿದ್ದೇನೆ.

ನಿನ್ನ
ಪುಟ್ಟಿ


ಮೇ 27

ಪುಟ್ಟಿ,

ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಳ್ಳಬೇಡ. ಮನೆಗೊಂದು ಸೊಂಟನೋವು ಸಾಕು.

ಬರೆಯಲು ಕೂತು ಹರಿದು ಹಾಕಿದ ಹಾಳೆಗಳನ್ನೆಲ್ಲ ತುಂಬಿದ್ದರೆ ಒಂದು ದಿಂಬಾಗುತ್ತಿತ್ತು. ಇದನ್ನು ಹರಿಯುವುದಿಲ್ಲ.

ಅವತ್ತು ನಿನ್ನ ಅಮ್ಮ ಮೆಷಿನ್ನಿನ ಮುಂದೆ ಕೂತು ಸೋಫಾದ ಅಂಚುಪಟ್ಟಿ ಹೊಲಿಯುತ್ತಿದ್ದಳು. ನೀರು ಕುಡಿದು ಬರ್ತೀನಿ ಅಂತ ಎದ್ದಳು. ಎದ್ದವಳು ಹಾಗೇ ಕುರ್ಚಿಯ ಪಕ್ಕದಲ್ಲಿ ಬಿದ್ದಳು. ನಾನು ಫೋನ್ ಮಾಡಿದೆ. ಎತ್ತಿದವಳು ಒಬ್ಬ ಹೆಣ್ಣುಮಗಳು. ಫೋನನ್ನು ನೆಲದ ಮೇಲಿಡಿ, ಸ್ಪೀಕರ್ ಹಾಕಿ, ಒತ್ತಿ ಅಂದಳು. ನೀನು ಬರೆದೆಯಲ್ಲ, ಹಾಗೇ. ಅವಳು ಎಣಿಸಿದಳು, ನಾನು ಒತ್ತಿದೆ. ನಡುವೆ ನನಗೆ ಅಳು ಬಂದು ಲೆಕ್ಕ ತಪ್ಪಿತು. ಅವಳಿಗೆ ತಪ್ಪಲಿಲ್ಲ. ಮತ್ತೆ ಒಂದರಿಂದ ಕರೆದುಕೊಂಡು ಹೋದಳು.

ಆಂಬುಲೆನ್ಸಿನವರು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ನಿನ್ನ ಅಮ್ಮನನ್ನು ಎತ್ತಿಕೊಂಡರು. ನಾನೂ ಹಿಂದೆಯೇ ಓಡಿದೆ. ಫೋನ್ ಅಲ್ಲೇ ನೆಲದ ಮೇಲೆ ಉಳಿಯಿತು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಆ ದನಿ ಇನ್ನೂ ಕೇಳಿಸುತ್ತಿತ್ತು, ಹದಿನಾಲ್ಕು, ಹದಿನೈದು, ಹದಿನಾರು ಅಂತ. ನಾನು ಎದ್ದು ಹೋದದ್ದು ಅವಳಿಗೆ ಗೊತ್ತಾಗಿರಲಿಲ್ಲ. ತಿರುಗಿ ಹೋಗಿ "ಸಾಕಮ್ಮಾ, ಬಂದರು" ಅಂತ ಹೇಳಲಿಲ್ಲ.

ಮಾರನೇ ದಿನ ಬಂದು ನೋಡಿದರೆ ಫೋನ್ ಕುರ್ಚಿಯ ಕಾಲಿನ ಹತ್ತಿರ ಚಾರ್ಜ್ ಹೋಗಿ ಬಿದ್ದಿತ್ತು. ಆ ಹೆಣ್ಣುಮಗಳು ಆಗಲೇ ನಿಲ್ಲಿಸಿರುತ್ತಾಳೆ, ನನಗೇನು ಅಷ್ಟೂ ಬುದ್ಧಿ ಇಲ್ಲವೇ. ಆದರೂ ಅದನ್ನು ಕೈಗೆ ತೆಗೆದುಕೊಂಡರೆ ಅವಳು ಒಳಗೆ ಇನ್ನೂ ಎಣಿಸುತ್ತಲೇ ಇದ್ದಾಳೆ ಅನ್ನಿಸುತ್ತದೆ. ಅದಕ್ಕೆ ಡಬ್ಬಿಗೆ ಹಾಕಿದೆ. ನೀನು ಅವತ್ತು ಊರಲ್ಲಿರಲಿಲ್ಲ ಅಂತ ನನಗೆ ಸಿಟ್ಟು, ಅದಕ್ಕೇ ಫೋನ್ ಎತ್ತುವುದಿಲ್ಲ ಎಂದುಕೊಂಡಿದ್ದೆಯಾ? ಹುಚ್ಚಿ. ನಿನ್ನ ದನಿ ಕೇಳದೆ ನನಗೆ ಹೇಗಿತ್ತೆಂದು ನನಗೇ ಗೊತ್ತು.

ಜೊತೆಗೊಂದು ಕಾಗದ ಇಟ್ಟಿದ್ದೇನೆ, ನಿಮ್ಮ ದೊಡ್ಡಕ್ಕನಿಗೆ. ಇಂಥದ್ದೇ ಒಂದನ್ನು ನಮ್ಮ ಊರಿನ ಕೇಂದ್ರಕ್ಕೂ ಹಾಕಿದ್ದೇನೆ. ಆ ಹೆಣ್ಣುಮಗಳು ಅಲ್ಲಿದ್ದಾಳೋ, ಬಿಟ್ಟು ಹೋದಳೋ.

ಇತಿ,
ಅಪ್ಪ


ಮೇ 27

ಫೋನ್ ಎತ್ತುವ ತಾಯಂದಿರಿಗೆ ನಮಸ್ಕಾರ.

ನಾನು ಕುಶನ್ ಕೆಲಸದವನು. ನಿಮ್ಮಲ್ಲಿ ಬಂದು ಲೋಟಗಳನ್ನು ಎತ್ತಿಸಿಬಿಟ್ಟವಳ ತಂದೆ. ಮೆಷಿನ್ ತರಿಸು ಎಂದು ಅವಳಿಗೆ ಹೇಳಿದವನು ನಾನೇ, ನಿಮ್ಮನ್ನು ಮೈಗಳ್ಳರು ಅಂತಲೂ ಅಂದಿದ್ದೆ. ಕ್ಷಮಿಸಿ.

ನಿಮಗೆ ಯಾರೂ ಕೊನೆ ಹೇಳುವುದಿಲ್ಲವಂತೆ. ನನ್ನ ಕರೆ ತೆಗೆದುಕೊಂಡವರು ನೀವಲ್ಲ, ನಿಮ್ಮಂಥ ಇನ್ನೊಬ್ಬರು. ಆದರೂ ಹೇಳುತ್ತೇನೆ. ನನ್ನ ಹೆಂಡತಿ ಉಳಿಯಲಿಲ್ಲ. ಆಸ್ಪತ್ರೆಯ ದಾರಿಯಲ್ಲೇ ಹೋದಳು.

ಕೇಳಿ ಬೇಜಾರು ಮಾಡಿಕೊಳ್ಳಬೇಡಿ, ಇನ್ನೂ ಇದೆ. ಸ್ಪ್ರಿಂಗುಗಳ ಮೇಲೆ ಒತ್ತಿ ಒತ್ತಿ ಪಳಗಿದ ಕೈ ನನ್ನದು. ಅವತ್ತು ಚೆನ್ನಾಗಿಯೇ ಒತ್ತಿದೆ. ನೀವು ಎಣಿಸದಿದ್ದರೆ ನಾನು ಅವಳ ಪಕ್ಕದಲ್ಲಿ ಕೈಚೆಲ್ಲಿ ಕೂತು ನೋಡುತ್ತಿದ್ದೆ. ಮುಂದೆ ದಿನಾ ಅದೇ ಕಣ್ಣಮುಂದೆ ಬರುತ್ತಿತ್ತು. ಈಗ ನೆನಪು ಮಾಡಿಕೊಂಡರೆ, ಆಂಬುಲೆನ್ಸಿನವರು ಬರುವವರೆಗೂ ನನ್ನ ಎರಡೂ ಕೈ ಅವಳ ಮೇಲಿದ್ದವು. ಅಷ್ಟನ್ನು ನನಗೆ ಕೊಟ್ಟವರು ನೀವು. ಅದನ್ನು ಹೇಳದೆ ಎದ್ದು ಹೋಗಿದ್ದೆ.

ಅವಳನ್ನು ಕರೆದುಕೊಂಡು ಹೋದರು, ತಾಯಿ. ಇನ್ನು ನೀವು ಎಣಿಸುವುದು ಬೇಡ. ನಾವಿಬ್ಬರೂ ಮಾಡಬೇಕಾದದ್ದನ್ನು ಮಾಡಿದೆವು.

ಇತಿ ನಿಮ್ಮ
ಅಣ್ಣನಂಥವನು


ಜೂನ್ 14

ಅಪ್ಪ,

ನಿನ್ನ ಕಾಗದವನ್ನು ದೊಡ್ಡಕ್ಕನ ಕೈಗೇ ಕೊಟ್ಟೆ. ಪಾಳಿ ಬದಲಾಗುವ ಹೊತ್ತು, ಹೋಗುವವರು ಬರುವವರು ಎಲ್ಲರೂ ಇದ್ದರು. "ಗಟ್ಟಿಯಾಗಿ ಓದಿ ದೊಡ್ಡಕ್ಕ" ಅಂತ ಯಾರೋ ಅಂದರು. ಅವರು ಕರೆ ತೆಗೆದುಕೊಳ್ಳುವ ಅದೇ ತಣ್ಣಗಿನ ದನಿಯಲ್ಲಿ ಓದುತ್ತಾ ಹೋದರು. ಮೈಗಳ್ಳರು ಅನ್ನುವಲ್ಲಿ ಎಲ್ಲರೂ ನಕ್ಕರು. "ಇನ್ನು ನೀವು ಎಣಿಸುವುದು ಬೇಡ" ಅನ್ನುವಲ್ಲಿ ಆ ದನಿ ನಿಂತಿತು. ನಾನು ಆ ದನಿ ನಿಂತದ್ದನ್ನು ಕಂಡದ್ದು ಅದೇ ಮೊದಲು. ಉಳಿದದ್ದನ್ನು ಅವರ ಪಕ್ಕದಲ್ಲಿದ್ದ ಹುಡುಗಿ ಓದಿದಳು.

ಆಮೇಲೆ ದೊಡ್ಡಕ್ಕ ಎದ್ದು ಸಿಂಕಿನ ಹತ್ತಿರ ಹೋದರು. ಒರೆಸುವ ಬಟ್ಟೆಗೆ ಅಷ್ಟೂ ಜನ ಕೈಹಾಕಿ ಎಳೆದಾಡಿದರು. ಕೊನೆಗೆ ಅದು ನನಗೆ ಸಿಕ್ಕಿತು. ಹಲಗೆಯ ಮೇಲಿದ್ದ ಎಲ್ಲವನ್ನೂ ತೊಳೆದು, ಒರೆಸಿ ಇಟ್ಟೆವು.

ಕೊನೆಯ ಲೋಟ ಕೊಡುತ್ತಾ ದೊಡ್ಡಕ್ಕ ಕೇಳಿದರು: "ನಿಮ್ಮಪ್ಪ ಕುರ್ಚಿ ರಿಪೇರಿ ಮಾಡ್ತಾರಾ?" ಹೂಂ ಅಂದೆ. "ನಂದು ಒಂದು ಕಡೆ ಕುಸಿದಿದೆ. ಸರಿ ಮಾಡಿ ಕೊಟ್ರೆ ಇನ್ನೊಂದಷ್ಟು ದಿನ ಕೂತು ನೋಡ್ತೀನಿ ಅಂತ ಹೇಳಿ." ರಾಜೀನಾಮೆ ಪತ್ರ ಮ್ಯಾನೇಜರ್ ಬಳಿಯೇ ಇದೆ. ಹರಿಯಲು ಅವರ ಕೈ ತುರಿಸುತ್ತಿದೆ, ಕುರ್ಚಿ ಸರಿಯಾಗುವವರೆಗೆ ಮುಟ್ಟಬೇಡಿ ಅಂದಿದ್ದೇನೆ. ಇನ್ನು ಮುಂದೆ ಆಂಬುಲೆನ್ಸಿನವರು ಮನೆಯವರ ಕೈಗೆ ಒಂದು ವಿಳಾಸದ ಚೀಟಿ ಕೊಟ್ಟು ಬರುತ್ತಾರೆ. ಯಾವಾಗಲಾದರೂ, ಮನಸ್ಸಾದರೆ, ಏನಾಯಿತೆಂದು ಬರೆಯಲು. ಯಾರೂ ಬರೆಯದೆಯೂ ಹೋಗಬಹುದು. ಒಂದಂತೂ ಬಂದಿದೆ, ಹಲಗೆಯ ಪಕ್ಕದ ಗೋಡೆಯ ಮೇಲಿದೆ.

ಈಗ ನಿನ್ನೆಯ ವಿಷಯ. ನಿನ್ನೆ ನಾನು ಹಾಲಿನಲ್ಲೇ ಇದ್ದೆ. ನನ್ನ ಫೋನಿನ ಮೇಲೆ 'ಅಪ್ಪ' ಎಂದು ಬಂತು. ಎಷ್ಟು ದಿನವಾಗಿತ್ತು ಆ ಅಕ್ಷರಗಳು ಅಲ್ಲಿ ಮೂಡಿ. ಎರಡು ಸಲ ತಪ್ಪು ಗುಂಡಿ ಒತ್ತಿದೆ. ಹಲೋ ಅಂದೆ. ಯಾರೋ ಗೇಟು ತೆಗೆದದ್ದು, ಕಟಿಂಗ್ ಶಾಪಿನ ರೇಡಿಯೋ, ನಿನ್ನ ಉಸಿರು ಎಲ್ಲ ಕೇಳಿಸಿತು. ಆಮೇಲೆ ನೀನು, "ಕುರ್ಚಿ ಹೇಗಿದೆ?" ಅಂದೆ.

ಮಾತನ್ನೇ ಕಸುಬು ಮಾಡಿಕೊಂಡ ನನಗೆ ಒಂದು ಮಾತೂ ಹೊರಡಲಿಲ್ಲ. ನೀನು ಕಾದೆ. "ಸರಿ, ಇಡ್ತೀನಿ, ಸುಮ್ನೆ ದುಡ್ಡು ದಂಡ," ಅಂತ ಇಟ್ಟೆ. ನಾನು ಎದ್ದು ಹೋಗಿ ನಲ್ಲಿ ತಿರುಗಿಸಿದೆ. ಲೋಟಗಳೆಲ್ಲ ಶುಭ್ರವಾಗಿಯೇ ಇದ್ದವು. ಪಕ್ಕದಲ್ಲಿ ಯಾರೋ ಬಂದು ಬಟ್ಟೆ ಹಿಡಿದು ನಿಂತರು. ಯಾರೆಂದು ತಿರುಗಿ ನೋಡಲಿಲ್ಲ.

ನಿನ್ನೆ ಕೇಳಿದ್ದಕ್ಕೆ ಉತ್ತರ ಇವತ್ತು ಬರೆಯುತ್ತಿದ್ದೇನೆ. ಕುರ್ಚಿ ಚೆನ್ನಾಗಿಲ್ಲ ಅಪ್ಪ, ಇಲ್ಲಿ ಯಾವುದೂ ಚೆನ್ನಾಗಿಲ್ಲ. ಸೂಜಿ, ನೂಲು ತಗೊಂಡು ಬಂದುಬಿಡು. ನೂಲಿನ ಡಬ್ಬಿಯಲ್ಲಿ ಈಗ ಜಾಗ ಇದೆಯಲ್ಲ.

ನಿನ್ನ
ಪುಟ್ಟಿ